ಕಾಕಾರ ಬಂಪರಿನ ಎರಡು ಸ್ಟಿಕರ್

ಉಪ್ಪಿನಕಾಯಿ ಮುಗಿದ ಗಾಜಿನ ಬಾಟಲಿಯನ್ನು ಬಿಸಾಡಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ. ಮಗಳು ಬಂದಾಗಲೆಲ್ಲ ಬೈಯುತ್ತಾಳೆ, ನಾನು ಕೇಳಿಸಿಕೊಂಡು ಇನ್ನೊಂದನ್ನು ತೊಳೆದಿಡುತ್ತೇನೆ. ಮೊನ್ನೆ ಅಂಥದ್ದೇ ಒಂದು ಬಾಟಲಿಯ ಲೇಬಲ್ ಕಿತ್ತೆ. ಕಾಗದ ಬಂತು, ಅಂಟು ಬರಲಿಲ್ಲ. ಬೆರಳಲ್ಲಿ ಒಂದಿಷ್ಟು ಕೊಬ್ಬರಿ ಎಣ್ಣೆ ತೆಗೆದು ಅಂಟಿನ ಮೇಲೆ ಸವರಿ, ಅಡುಗೆಮನೆಯ ಕಿಟಕಿಯ ಬಿಸಿಲಿಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ಎಣ್ಣೆಯೂ ಅಂಟೂ ಕೂಡಿದ ಒಂದು ವಾಸನೆ ಬಂತು ನೋಡಿ... ಅದಕ್ಕೆ ಚೂರು ಪೆಟ್ರೋಲಿನ ವಾಸನೆ ಸೇರಿದ್ದರೆ, ಕಾಕಾ ಇಲ್ಲೇ ಹೊರಗೆ ಮಂಡಿಯೂರಿ ಕೂತು ಕಾರಿನ ಬಂಪರ್ ಉಜ್ಜುತ್ತಿದ್ದಾರೆ ಎಂದೇ ಅನ್ನಿಸಿಬಿಡುತ್ತಿತ್ತು.

ಈ ಎಣ್ಣೆಯ ಉಪಾಯ ಹೇಳಿಕೊಟ್ಟವರು ಅವರೇ. "ಕೆರೀಬಾರದವ್ವಾ. ಎಣ್ಣಿ ಹಚ್ಚಿ ಸುಮ್ಮನ ಬಿಡಬೇಕು. ತಾನ ಬಿಡ್ತದ" ಎನ್ನುತ್ತಿದ್ದರು. ಬಣ್ಣದ ಕಂಪನಿಯೊಂದರಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದ ಮನುಷ್ಯ. ಯಾವುದು ಯಾವುದಕ್ಕೆ ಅಂಟುತ್ತದೆ, ಯಾವುದು ಬಿಡುತ್ತದೆ ಎನ್ನುವುದೇ ಅವರ ಕಸುಬು. ತಮ್ಮ ಮನೆಯಲ್ಲಿ ಮಾತ್ರ ಆ ವಿದ್ಯೆ ಅವರಿಗೆ ಬಹಳ ದಿನ ಉಪಯೋಗಕ್ಕೆ ಬರಲಿಲ್ಲ.

ಕಾಕಾ ನಮಗೆ ರಕ್ತಸಂಬಂಧವೇನೂ ಅಲ್ಲ. ಧಾರವಾಡದವರು. ನಾನು ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಮದುವೆಯಾಗಿ ಮೈಸೂರಿನಿಂದ ನ್ಯೂಯಾರ್ಕಿನ ಹತ್ತಿರದ ಈ ವುಡ್‌ಬ್ರಿಡ್ಜಿಗೆ ಬಂದಾಗ ಅವರು ಈ ದೇಶ ಸೇರಿ ಇಪ್ಪತ್ತು ವರ್ಷವಾಗಿತ್ತು. ನಮ್ಮ ಅಪಾರ್ಟ್‌ಮೆಂಟಿನ ಎದುರು ಸಾಲಿನಲ್ಲಿ ಅವರ ಸ್ವಂತ ಮನೆ. ಅಂಕಲ್ ಎಂದು ಕರೆದರೆ ಕಿವಿ ಕೇಳಿಸದವರಂತೆ ಕೂತಿರುತ್ತಿದ್ದರು. ಕಾಕಾ ಎನ್ನಬೇಕು. ನಮ್ಮ ಕಡೆ ಮಕ್ಕಳಿಗೆ ಕಾಗೆ ತೋರಿಸುವಾಗ ಹಾಗೆನ್ನುತ್ತೇವೆ ಎಂದು ನಾನೊಮ್ಮೆ ಹೇಳಿದ್ದಕ್ಕೆ, "ಕಾಗಿನೂ ಬಳಗ ಬಿಟ್ಟು ಉಣ್ಣೂದಿಲ್ಲ, ಹಾಂಗ ಕರೀ" ಎಂದಿದ್ದರು. ಅವರ ಹೆಂಡತಿ ನಾವು ಬರುವ ಹಿಂದಿನ ಚಳಿಗಾಲದಲ್ಲಿ ಕಾಯಿಲೆಯಿಂದ ತೀರಿಕೊಂಡಿದ್ದರು. ನಾನು ಅವರನ್ನು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ ನೋಡಿದ್ದೇನೆ.

ನನ್ನ ಯಜಮಾನರು ಇದ್ದೊಂದು ಕಾರನ್ನು ತೆಗೆದುಕೊಂಡು ಬೆಳಿಗ್ಗೆ ಮಾರಿಸ್‌ಟೌನಿನ ಆಫೀಸಿಗೆ ಹೊರಟರೆ, ಸಂಜೆಯತನಕ ನಾನು ಕಿಟಕಿಯಲ್ಲಿ ಪಾರ್ಕಿಂಗ್ ಲಾಟ್ ನೋಡುತ್ತ ಕೂರಬೇಕಾಗಿತ್ತು. ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆಲ್ಲ ಡ್ರೈವಿಂಗ್ ಕಲಿಸುವುದು ಕಾಕಾರ ಪದ್ಧತಿ. ಅವರ ಸ್ಟೇಷನ್ ವ್ಯಾಗನ್ ಎಷ್ಟು ಉದ್ದವೆಂದರೆ, ಅದರ ಮೂತಿ ತಿರುಗಿದ ಮೇಲೂ ಬಾಲ ಇನ್ನೂ ಹಿಂದಿನ ಬೀದಿಯಲ್ಲೇ ಇದೆಯೇನೋ ಅನ್ನಿಸುತ್ತಿತ್ತು. "ಹೆದರಬ್ಯಾಡ, ಗಾಡಿ ಹೊಡಿ" ಎಂದು ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂರುತ್ತಿದ್ದರು. ಎದುರಿಗೆ ಟ್ರಕ್ಕೇ ಬರಲಿ, ಕಟ್ಟಿದ ಕೈ ಬಿಚ್ಚುತ್ತಿರಲಿಲ್ಲ.

ಅವರಿಗೊಬ್ಬನೇ ಮಗ. ಇಲ್ಲಿಯೇ ಹುಟ್ಟಿದವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಮನೆಯಲ್ಲಿ ಆಡುವ ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನನ್ನು ಅಕ್ಕಾ ಎನ್ನುತ್ತಿದ್ದ. ಅದೊಂದೇ ಅವನ ಬಾಯಲ್ಲಿ ಉಳಿದಿದ್ದ ಕನ್ನಡ. ಎಪ್ಪತ್ತೆರಡರ ಬೇಸಿಗೆಯಲ್ಲಿ ಅವನು ಕಾಲೇಜು ಬಿಟ್ಟು ನ್ಯೂಯಾರ್ಕಿನಲ್ಲಿ ಗೆಳೆಯರ ಜೊತೆ ಸೇರಿಕೊಂಡ. ಕೂದಲು ಭುಜ ದಾಟಿತ್ತು. ಆಗ ವಿಯಟ್ನಾಮ್ ಯುದ್ಧ ನಡೆಯುತ್ತಿತ್ತಲ್ಲ, ಹುಟ್ಟಿದ ತಾರೀಖುಗಳನ್ನು ಲಾಟರಿಯಂತೆ ಎತ್ತಿ ಹುಡುಗರನ್ನು ಸೈನ್ಯಕ್ಕೆ ಕರೆಯುತ್ತಿದ್ದರು. ಇವನ ತಾರೀಖು ಮೊದಮೊದಲೇ ಬಂದಿತ್ತು. ಕರೆ ಬಂದರೆ ಕೆನಡಾಕ್ಕೆ ಹೋಗಿಬಿಡುತ್ತೇನೆ ಎಂದು ಮಗ ಹೇಳಿದ. ಹಾಗೆ ಓಡಿಹೋದವನಿಗೆ ಈ ಮನೆಯ ಬಾಗಿಲು ತೆರೆಯುವುದಿಲ್ಲ ಎಂದು ಅಪ್ಪ ಹೇಳಿದರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

ಮಾತು ಬಿಟ್ಟರೂ ಬಂದುಹೋಗುವುದು ಬಿಡಲಿಲ್ಲ. ಶನಿವಾರ ರೈಲು ಹತ್ತಿ ಮಗ ಬರುತ್ತಿದ್ದ, ಅಪ್ಪ ಅಡುಗೆ ಮಾಡಿರುತ್ತಿದ್ದರು. ನಮ್ಮ ಮನೆಗಳಲ್ಲಿ ಇಬ್ಬರು ಮುನಿಸಿಕೊಂಡರೆ ನಡುವೆ ಒಬ್ಬರು ಬೇಕೇ ಬೇಕಲ್ಲ... ಆ ಮನೆಯಲ್ಲಿ ಹೆಂಗಸಿರಲಿಲ್ಲ, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. "ಅವಗ ಹೇಳವ್ವಾ, ಫ್ರಿಜ್‌ನ್ಯಾಗ ಸಾರು ಅದ" ಎಂದು ಇವರು. "ಟೆಲ್ ಹಿಮ್ ಐ ಏಟ್, ಅಕ್ಕಾ" ಎಂದು ಅವನು. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಕಡೆ ಕೂತು ಹೀಗೆ ಮಾತಾಡುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಆದರೂ ನಾನು ಹೇಳುವ ತನಕ ಕೇಳಿಸಿಲ್ಲ ಎಂದೇ ಲೆಕ್ಕ. ನಾನೂ ಎರಡೂ ಕಡೆಯ ಖಾರ ಸ್ವಲ್ಪ ತೆಗೆದೇ ಬಡಿಸುತ್ತಿದ್ದೆ. ಕಾಕಾ ಮಗನ ಕೂದಲಿನ ಬಗ್ಗೆ ಏನಾದರೂ ಅಂದರೆ, "ಚಳಿ ಶುರುವಾಯಿತು, ಟೋಪಿ ಹಾಕಿಕೊಳ್ಳಬೇಕಂತೆ" ಎಂದು ಮುಟ್ಟಿಸುತ್ತಿದ್ದೆ. ಅವನು ನಗು ತಡೆದುಕೊಳ್ಳಲು ಕಷ್ಟಪಡುತ್ತಿದ್ದ.

ಆ ವರ್ಷವೇ ಅಧ್ಯಕ್ಷರ ಚುನಾವಣೆ. ಒಂದು ಕಡೆ ಕುರ್ಚಿಯಲ್ಲಿದ್ದ ಬಲಪಂಥದ ಅಧ್ಯಕ್ಷರು, ಇನ್ನೊಂದು ಕಡೆ ಯುದ್ಧ ನಿಲ್ಲಿಸಿ ಹುಡುಗರನ್ನು ಮನೆಗೆ ಕರೆತರುತ್ತೇನೆ ಎನ್ನುತ್ತಿದ್ದ ಎಡಪಂಥದ ಸೆನೆಟರ್. ಇಡೀ ದೇಶವೇ ಎರಡು ಹೋಳಾದಂತೆ ಕಾಣುತ್ತಿತ್ತು. ಕಾಕಾ ಅಧ್ಯಕ್ಷರ ಕಡೆ. ಅದನ್ನು ಮುಚ್ಚಿಟ್ಟವರೂ ಅಲ್ಲ.

ಕಾಕಾರ ಬೇಸ್‌ಮೆಂಟಿನಲ್ಲಿ ತಿಂಗಳಿಗೊಮ್ಮೆ ನಾವು ಕನ್ನಡದವರೆಲ್ಲ ಸೇರುತ್ತಿದ್ದೆವು. ಫೋರ್ಟ್ ಲೀಯಿಂದಲೂ ಒಂದೆರಡು ಸಂಸಾರ ಬರುತ್ತಿತ್ತು. ಹಿಂದಿನ ವರ್ಷವಷ್ಟೇ ಬಾಂಗ್ಲಾ ಯುದ್ಧದಲ್ಲಿ ಈ ಅಧ್ಯಕ್ಷರು ಪಾಕಿಸ್ತಾನದ ಪರ ನಿಂತು ನಮ್ಮ ಕಡಲಿನತ್ತ ಹಡಗು ಕಳಿಸಿದ್ದರಲ್ಲ, ಆ ಸಿಟ್ಟು ಎಲ್ಲರಿಗೂ ಹಸಿಯಾಗಿತ್ತು. ಅಂಥವರಿಗೆ ಧಾರವಾಡದವರೊಬ್ಬರು ಓಟು ಹಾಕುವುದೇ? ತಮಾಷೆ ಏನೆಂದರೆ, ಅಷ್ಟು ಕೂಗಾಡುತ್ತಿದ್ದ ನಮ್ಮಲ್ಲಿ ಒಬ್ಬರಿಗೂ ಓಟಿರಲಿಲ್ಲ. ಎಲ್ಲರೂ ಗ್ರೀನ್ ಕಾರ್ಡಿನವರು. ಓಟಿದ್ದದ್ದು ಆ ಅಪ್ಪ ಮಗ ಇಬ್ಬರಿಗೆ ಮಾತ್ರ. ಕಾಕಾ ಪೌರತ್ವ ತೆಗೆದುಕೊಂಡಿದ್ದರು, ಮಗನಿಗೆ ಅದೇ ಮೊದಲ ಓಟು.

ನನ್ನ ಯಜಮಾನರು ಒಂದು ದಿನ ಕೇಳಿಯೇಬಿಟ್ಟರು. "ನಮ್ಮೂರ ಮೇಲೆ ಹಡಗು ಕಳಿಸಿದೋರಿಗೆ ನೀವು ಓಟ್ ಮಾಡ್ತೀರಾ, ಕಾಕಾ?"

ಕಾಕಾ ತಟ್ಟೆಯನ್ನು ಕೆಳಗಿಟ್ಟರು. "ನಾ ಇಲ್ಲಿ ಕೈ ಎತ್ತಿ ಆಣಿ ಮಾಡೀನಿ. ಮನಸ್ಸಿಗೆ ಬಂದಾಗ ಈ ದೇಶದವ, ಬ್ಯಾಡಾದಾಗ ಆ ದೇಶದವ ಅನ್ನಲಿಕ್ಕೆ ನನಗ ಬರೂದಿಲ್ಲ. ಯುದ್ಧ ಬ್ಯಾಡಂತ ಬೀದ್ಯಾಗ ಬೆಂಕಿ ಹಚ್ಚಿ ದೇಶ ನಡಸ್ತೀನಿ ಅಂದ್ರ ಅದು ನನಗ ಒಪ್ಪಿಗಿ ಇಲ್ಲ." ಮುಂದಿನ ತಿಂಗಳು ಬೇಸ್‌ಮೆಂಟಿಗೆ ಬಂದವರು ಅರ್ಧಕ್ಕರ್ಧ. ಅದರ ಮುಂದಿನ ತಿಂಗಳು ನಾವಿಬ್ಬರೇ. ಮಾಡಿಟ್ಟಿದ್ದ ಬಿಸಿಬೇಳೆಭಾತನ್ನು ಕಾಕಾ ಡಬ್ಬಿಗಳಿಗೆ ತುಂಬಿ ಫ್ರೀಜರಿನಲ್ಲಿಟ್ಟರು. ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು, ಕಾಕಾರ ಮೇಲೂ.

ಆಗಲೇ ಸ್ಟಿಕರಿನ ಜಗಳ ಶುರುವಾದದ್ದು. ಕಾಕಾ ಬಂಪರಿನ ಎಡತುದಿಗೆ ಅಧ್ಯಕ್ಷರ ಸ್ಟಿಕರ್ ಅಂಟಿಸಿದರು. ಮುಂದಿನ ಶನಿವಾರ ಮಗ ಬಂದುಹೋದ ಮೇಲೆ ನೋಡಿದರೆ ಬಲತುದಿಯಲ್ಲಿ ಸೆನೆಟರ್! ಕಾಕಾ ಕೊಬ್ಬರಿ ಎಣ್ಣೆಯ ಸೀಸೆ ತಂದು ಹಚ್ಚಿ, ಒಳಗೆ ಹೋಗಿ ಚಹಾ ಕುಡಿದು ಬಂದು, ದೋಸೆ ಮಗುಚುವ ಸಟ್ಟುಗದಿಂದ ಮೆಲ್ಲಗೆ ಎಬ್ಬಿಸಿದರು. ಮರುವಾರ ಅದೇ ಜಾಗದಲ್ಲಿ ಇನ್ನೊಂದು. ಮತ್ತೆ ಎಣ್ಣೆ, ಮತ್ತೆ ಚಹಾ. ಬಂಪರಿನ ಆ ತುದಿ ಕನ್ನಡಿಯ ಹಾಗೆ ಹೊಳೆಯತೊಡಗಿತು. ಅಪ್ಪ ಮಗ ಮಾತಾಡಿಕೊಳ್ಳುತ್ತಿದ್ದದ್ದು ಅದೊಂದೇ ರೀತಿಯಲ್ಲಿ ಎಂದು ಈಗ ಅನ್ನಿಸುತ್ತದೆ.

ದೀಪಾವಳಿ ಆ ಸಲ ಚುನಾವಣೆಯ ಮಗ್ಗುಲಿಗೇ ಬಂತು. ಭಾನುವಾರ ನರಕ ಚತುರ್ದಶಿ, ಮಂಗಳವಾರ ಮತದಾನ. ಅವರ ಕಡೆ ಅಂದು ನಸುಕಿನಲ್ಲಿ ಗಂಡಸರಿಗೆ ಎಣ್ಣೆ ಹಚ್ಚಿ, ಮನೆಯ ಹೆಂಗಸು ಆರತಿ ಮಾಡಬೇಕು. "ಆರತಿ ಮಾಡ್ಲಿಕ್ಕೆ ನೀ ಬಾರವ್ವಾ" ಎಂದು ಕಾಕಾ ಕರೆದಿದ್ದರು. ಹೋದರೆ, ಅಡುಗೆಮನೆಯಲ್ಲಿ ಹಳೇ ಚಾದರ ಹಾಸಿ ಅದರ ಮೇಲೆ ಮಣೆ. ಮಣೆಯ ಮೇಲೆ ಮಗ, ಹಿಂದೆ ಬೆಚ್ಚಗಿನ ಎಣ್ಣೆಯ ಬಟ್ಟಲು ಹಿಡಿದ ಅಪ್ಪ.

"ಅವಗ ಹೇಳವ್ವಾ, ತಲಿ ಬಗ್ಗಸಂತ."

ಹೇಳುವ ಮೊದಲೇ ಅವನು ಬಗ್ಗಿಸಿದ್ದ. ಅಷ್ಟು ಕೂದಲಿಗೆ ಒಂದು ಬಟ್ಟಲು ಎಣ್ಣೆ ಎಲ್ಲಿ ಸಾಲುತ್ತದೆ? ಕಾಕಾ ಎಳೆಎಳೆಯಾಗಿ ಬಿಡಿಸಿ, ನೆತ್ತಿಗೆ ತಟ್ಟಿ, ಕಿವಿಯ ಹಿಂದೆ ಸವರಿ ಎಣ್ಣೆ ಇಳಿಸಿದರು. ಯಾವ ಕೂದಲನ್ನು ಬೈಯುತ್ತಿದ್ದರೋ ಅದೇ ಕೂದಲಿನ ಸಿಕ್ಕನ್ನು ನೋವಾಗದಂತೆ ಬಿಡಿಸುತ್ತಿದ್ದರು. ಹುಡುಗ ಕಣ್ಣು ಮುಚ್ಚಿ ಕೂತಿದ್ದ. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಈ ಹುಡುಗ ಬರುವ ದೀಪಾವಳಿಗೆ ಎಲ್ಲಿರುತ್ತಾನೋ ಎಂದು ನನಗೆ ಹೊಳೆದದ್ದು ಆಗ. ಕಾಕಾರಿಗೆ ಅದು ಬಹಳ ಹಿಂದೆಯೇ ಹೊಳೆದಿರಬೇಕು.

ಮಂಗಳವಾರ ಕಾಕಾ ರಜೆ ಹಾಕಿದ್ದರು. ಮಗನೂ ಉಳಿದುಕೊಂಡಿದ್ದ, ಅವನ ಹೆಸರು ಇದ್ದದ್ದು ವುಡ್‌ಬ್ರಿಡ್ಜಿನ ಮತಗಟ್ಟೆಯಲ್ಲೇ. ಒಂದೇ ಕಡೆಗೆ ಎರಡು ಸಲ ಕಾರು ತೆಗೆಯುವುದು ಕಾಕಾರಿಗೆ ಒಗ್ಗದ ಮಾತು. ಜೊತೆಗೆ ನನ್ನ ಡ್ರೈವಿಂಗ್ ಪಾಠವೂ ಆಗಿಬಿಡಲಿ ಎಂದರು. ಹೀಗೆ ಓಟಿಲ್ಲದ ನಾನು, ಓಟಿದ್ದ ಇಬ್ಬರನ್ನು ಕೂರಿಸಿಕೊಂಡು ಹೊರಟೆ. ಮುಂದಿನ ಸೀಟಿನಲ್ಲಿ ಅಪ್ಪ, ಹಿಂದಿನ ಸೀಟಿನಲ್ಲಿ ಮಗ.

"ಅವಗ ಹೇಳವ್ವಾ, ಕೆನಡಾದಾಗ ಭಾಳ ಥಂಡಿ ಇರ್ತದಂತ."

"ಟೆಲ್ ಹಿಮ್ ಐ ಹ್ಯಾವ್ ಎ ಕೋಟ್."

"ಆ ಕೋಟು ಸಾಲೂದಿಲ್ಲಂತ ಹೇಳು."

ಆ ಮಾತನ್ನು ನಾನು ಹೇಳಲಿಲ್ಲ. ಎದುರಿಗೆ ಸ್ಟಾಪ್ ಸೈನ್ ಬಂದಿತ್ತು, ಬ್ರೇಕ್ ತುಳಿಯುವುದರಲ್ಲಿದ್ದೆ. ಕನ್ನಡಿಯಲ್ಲಿ ನೋಡಿದರೆ ಹುಡುಗ ಕಿಟಕಿಯ ಆಚೆ ಮುಖ ಮಾಡಿದ್ದ.

ಮತಗಟ್ಟೆ ಒಂದು ಶಾಲೆಯ ಜಿಮ್ಮಿನಲ್ಲಿತ್ತು. ನಮ್ಮ ದೇಶದ ಹಾಗೆ ಚೀಟಿ, ಮುದ್ರೆ, ಬೆರಳಿಗೆ ಮಸಿ ಯಾವುದೂ ಇಲ್ಲ. ಬೀರುವಿನಷ್ಟು ದೊಡ್ಡ ಯಂತ್ರ. ಒಳಗೆ ಹೋಗಿ ದೊಡ್ಡ ಹಿಡಿಕೆ ಎಳೆದರೆ ಹಿಂದೆ ಪರದೆ ಮುಚ್ಚುತ್ತದೆ. ಹೆಸರುಗಳ ಪಕ್ಕದ ಸಣ್ಣ ಹಿಡಿಕೆಗಳನ್ನು ಒತ್ತಿ, ದೊಡ್ಡದನ್ನು ಮತ್ತೆ ಎಳೆದರೆ ಓಟು ದಾಖಲಾಗಿ ಪರದೆ ತೆರೆಯುತ್ತದೆ. ಮಗ ಹೋದ, ಬಂದ. ಕಾಕಾ ಹೋದರು... ಬರಲೇ ಇಲ್ಲ. ಪರದೆಯ ಕೆಳಗೆ ಅವರ ಪಾಲಿಶ್ ಮಾಡಿದ ಬೂಟು ಕಾಣುತ್ತಿತ್ತು, ಅಲುಗುತ್ತಿರಲಿಲ್ಲ. ಸಾಲು ಬೆಳೆಯಿತು. ಮತಗಟ್ಟೆಯ ಹೆಂಗಸು ಎರಡು ಸಲ "ಸರ್?" ಎಂದು ಕರೆದಳು. ಕೊನೆಗೆ ಹಿಡಿಕೆ ಧಡ್ ಎಂದಿತು, ಪರದೆ ತೆರೆಯಿತು, ಕಾಕಾ ಬಂದರು. ಮುಖ ಬೆವೆತಿತ್ತು.

"ಟೆಲ್ ಹಿಮ್ ಐ ಹೋಪ್ ಹಿ ಎಂಜಾಯ್ಡ್ ಇಟ್" ಎಂದು ಹೇಳಿ ಮಗ ಅಲ್ಲಿಂದಲೇ ನಡೆದುಕೊಂಡು ಸ್ಟೇಷನ್ನಿಗೆ ಹೊರಟುಹೋದ.

ಕಾರಿನಲ್ಲಿ ಕೂತು ಕೀಲಿ ತಿರುಗಿಸಲು ಹೋದರೆ ಕಾಕಾ ಬೇಡವೆಂದು ಕೈ ಮಾಡಿದರು. ಕಟ್ಟಿದ ಕೈ ಬಿಚ್ಚಿದ್ದನ್ನು ನಾನು ಕಂಡದ್ದು ಆಗಲೇ.

"ನಮ್ಮ ಅಧ್ಯಕ್ಷನ ಹಿಡಿಕಿ ಒತ್ತಿದೆ, ಮ್ಯಾಲೆ ಎತ್ತಿದೆ. ಇವನ ಸೆನೆಟರನ ಹಿಡಿಕಿ ಒತ್ತಿದೆ, ಅದನ್ನೂ ಎತ್ತಿದೆ. ಉಳಿದ ಎಲ್ಲಾ ಹುದ್ದಿಗೂ ಓಟು ಹಾಕಿದೆ, ಅಧ್ಯಕ್ಷರದೊಂದು ಸಾಲು ಖಾಲಿ ಬಿಟ್ಟು ಬಂದೆ. ನಾ ನಂಬಿದ್ದನ್ನ ಹ್ಯಾಂಗ ಬಿಡ್ಲಿ? ಮತ್ತ ನನ್ನ ಕೈಲೆ ಒತ್ತಿ ಅವನ್ನ ಯುದ್ಧಕ್ಕ ಹ್ಯಾಂಗ ಕಳಸ್ಲಿ?" ಮತ್ತೆ ಕೈ ಕಟ್ಟಿಕೊಂಡು, "ಇದನ್ನ ಅವಗ ಹೇಳಬ್ಯಾಡವ್ವಾ" ಎಂದರು. ಆಮೇಲೆ ಗಾಡಿ ಹೊಡಿ ಎಂದರು. ಅವರ ಪಾಠದಲ್ಲಿ ನಾನು ಒಂದೂ ತಪ್ಪು ಮಾಡದೆ ಮನೆ ಮುಟ್ಟಿದ್ದು ಅವತ್ತೇ.

ಕಾಕಾರ ಒಂದು ಓಟಿನಿಂದ ಏನೂ ಆಗುವುದಿರಲಿಲ್ಲ. ನಮ್ಮ ಊಟ ಮುಗಿಯುವ ಹೊತ್ತಿಗೆ ಟೀವಿಯಲ್ಲಿ ಅಧ್ಯಕ್ಷರು ಗೆದ್ದೇಬಿಟ್ಟಿದ್ದರು, ಹೆಚ್ಚುಕಡಿಮೆ ಇಡೀ ದೇಶವೇ ಅವರ ಕೈಗೆ ಬಂದಿತ್ತು. ಬೇಸ್‌ಮೆಂಟಿಗೆ ಬರುವುದು ಬಿಟ್ಟವರು ಫೋನ್ ಮಾಡಿ ಕಾಕಾರಿಗೆ ಕಂಗ್ರಾಜ್ಯುಲೇಷನ್ಸ್ ಹೇಳಿದರು, ಅದು ಹೇಗೆ ಹೇಳಿದರೆಂದು ನೀವೇ ಊಹಿಸಿಕೊಳ್ಳಿ. ಕಾಕಾ ಎಲ್ಲರಿಗೂ ಥ್ಯಾಂಕ್ಸ್ ಎಂದರು. ಬಂಪರಿನ ಬಲತುದಿಗೆ ಮಗ ಕೊನೆಯದಾಗಿ ಅಂಟಿಸಿದ್ದ ಸ್ಟಿಕರನ್ನು ಮಾತ್ರ ಅವರು ತೆಗೆಯಲೇ ಇಲ್ಲ. ಎರಡು ತುದಿಗೆ ಇಬ್ಬರನ್ನು ಅಂಟಿಸಿಕೊಂಡ ಆ ವ್ಯಾಗನ್ ಕಂಡು ರೂಟ್ ಒನ್ ಹೆದ್ದಾರಿಯಲ್ಲಿ ಜನ ಹಾರ್ನ್ ಹೊಡೆದು ನಗುತ್ತಿದ್ದರು.

ಕೆನಡಾಕ್ಕೆ ಹೋಗುವ ಪ್ರಸಂಗ ಬರಲಿಲ್ಲ. ಮರುವರ್ಷದ ಆರಂಭದಲ್ಲೇ ಸೈನ್ಯಕ್ಕೆ ಕರೆಯುವುದನ್ನು ನಿಲ್ಲಿಸಿದರು. ಸುದ್ದಿ ಕೇಳಿ ಕಾಕಾ ಹೆಂಡತಿಯ ಫೋಟೋದ ಮುಂದೆ ದೀಪ ಹಚ್ಚಿದರು. ಜಗಳದ ಕಾರಣ ಹೋಯಿತು, ಜಗಳ ಉಳಿಯಿತು. ಮೊದಲು ಯಾರು ಬಾಯಿ ಬಿಡಬೇಕು? ಹಾಗಾಗಿ ನನ್ನ ಕೆಲಸ ತಪ್ಪಲಿಲ್ಲ. ಲೈಸೆನ್ಸ್ ಬಂತು, ಮಗಳು ಹುಟ್ಟಿದಳು, ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ "ಅವಗ ಹೇಳವ್ವಾ"ಗಳನ್ನು ಆಚೀಚೆ ಸಾಗಿಸುತ್ತಿದ್ದೆ.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಆ ಅಧ್ಯಕ್ಷರು ಹಗರಣದಲ್ಲಿ ಸಿಕ್ಕಿಬಿದ್ದು ರಾಜೀನಾಮೆ ಕೊಟ್ಟರು. ಕಾಕಾ ಎರಡು ದಿನ ಬಾಗಿಲು ತೆರೆಯಲಿಲ್ಲ. ಶನಿವಾರ ಮಗ ಬಂದ. ಈಗ ಏನೇನು ಅನ್ನುತ್ತಾನೋ, ಎಷ್ಟು ಖಾರ ತೆಗೆಯಬೇಕೋ ಎಂದು ಓಡಿಹೋದೆ. ಅವನು ಒಳಗೇ ಹೋಗಿರಲಿಲ್ಲ. ಬಿಸಿಲಲ್ಲಿ ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಅಪ್ಪನ ಸ್ಟಿಕರನ್ನು ಉಗುರಿನಿಂದ ಕೆರೆಯುತ್ತಿದ್ದ. ದಾರಿಯಲ್ಲಿ ಹೋಗುವವರು ಅಪ್ಪನನ್ನು ನೋಡಿ ನಗಬಾರದಲ್ಲ, ಅದಕ್ಕೆ.

ಬಾಗಿಲು ತೆರೆಯಿತು. ಕಾಕಾ ನನ್ನನ್ನು ನೋಡಿದರು. "ಅವಗ ಹೇಳ..." ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿ ಒಳಗೆ ಹೋದರು. ಎಣ್ಣೆಯ ಸೀಸೆ ಹಿಡಿದು ಬಂದು ಮಗನ ಪಕ್ಕ ಮಂಡಿಯೂರಿದರು.

"ಕೆರೀಬಾರದೋ. ಎಣ್ಣಿ ಹಚ್ಚು."

"ಓಕೆ" ಎಂದ ಅವನು. ಎರಡು ವರ್ಷದ ಮೇಲೆ ಅಷ್ಟೇ ಮಾತು. ಎರಡೂ ಸ್ಟಿಕರಿಗೆ ಎಣ್ಣೆ ಹಚ್ಚಿ ಇಬ್ಬರೂ ಚಹಾ ಕುಡಿಯಲು ಒಳಗೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ. ಅಷ್ಟು ಸಂತೋಷವಾಗಿ ನಾನು ಯಾರ ಮನೆಯ ಹೊರಗೂ ನಿಂತಿರಲಿಲ್ಲ.

ಆಮೇಲೆ ಬಹಳ ವರ್ಷ ಅವರು ಚೆನ್ನಾಗಿಯೇ ಇದ್ದರು. ಬೇಸ್‌ಮೆಂಟಿಗೆ ಜನ ಮತ್ತೆ ಬಂದರು. ಕಾಕಾ ಹೋದಾಗ ಮಗನೇ ಪಕ್ಕದಲ್ಲಿದ್ದ, ಕೈ ಹಿಡಿದುಕೊಂಡಿದ್ದ. ಆದರೆ ಆ ಚುನಾವಣೆಯ ಮಾತು ಬಂದಾಗಲೆಲ್ಲ ಅವನದೊಂದು ಖಾಯಂ ತಮಾಷೆ ಇತ್ತು. ನನ್ನ ವಿರುದ್ಧ ಓಟು ಹಾಕಲು ನಮ್ಮಪ್ಪ ಇಡೀ ವುಡ್‌ಬ್ರಿಡ್ಜನ್ನೇ ಸಾಲಿನಲ್ಲಿ ನಿಲ್ಲಿಸಿದ್ದರು ಎನ್ನುತ್ತಿದ್ದ. ಅಂತ್ಯಕ್ರಿಯೆಯ ದಿನವೂ ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ಹೇಳಬ್ಯಾಡ ಎಂದಿದ್ದರಲ್ಲ...

ಈ ಶನಿವಾರ ಅವನು ಫೋರ್ಟ್ ಲೀಯಿಂದ ಬಂದಿದ್ದ. ಅವನಿಗೂ ಎಪ್ಪತ್ತು ದಾಟಿದೆ, ಆ ಕೂದಲೆಲ್ಲ ಎಲ್ಲಿ ಹೋಯಿತೋ. ಕಾಕಾ ಹೇಳಿಕೊಟ್ಟ ಹಾಗೆಯೇ ಮಾಡಿದ ಶೇಂಗಾ ಚಟ್ನಿಪುಡಿಯನ್ನು ಮೊನ್ನೆ ಎಣ್ಣೆ ಸವರಿದ್ದ ಆ ಬಾಟಲಿಗೆ ತುಂಬಿ ಕೊಟ್ಟೆ. ಬಾಟಲಿಯನ್ನು ಮೂಗಿಗೆ ಹಿಡಿದು, "ಸ್ಮೆಲ್ಸ್ ಲೈಕ್ ದ ಬಂಪರ್" ಎಂದು ನಕ್ಕ. ನಕ್ಕು, ಮತ್ತೆ ಅದೇ ತಮಾಷೆ ತೆಗೆದ. ಈ ಸಲ ನನಗೆ ನಗು ಬರಲಿಲ್ಲ. ನಾನೂ ಇನ್ನೆಷ್ಟು ದಿನ ಇರುತ್ತೇನೆ, ನನ್ನ ಜೊತೆಗೇ ಇದೂ ಹೋಗಿಬಿಟ್ಟರೆ?

"ನಿಮ್ಮಪ್ಪ ಅವತ್ತು ಆ ಅಧ್ಯಕ್ಷರಿಗೆ ಓಟ್ ಹಾಕಲಿಲ್ಲ ಕಣೋ. ಯಾರಿಗೂ ಹಾಕಲಿಲ್ಲ. ಆ ಸಾಲು ಖಾಲಿ ಬಿಟ್ಟು ಬಂದರು. ತಮ್ಮ ಕೈಯಾರೆ ನಿನ್ನ ಯುದ್ಧಕ್ಕೆ ಕಳಿಸಲಾರೆ ಅಂತ."

ಅವನು ಬಾಟಲಿಯನ್ನು ಮೇಜಿನ ಮೇಲೆ ಇಟ್ಟ. ಮುಚ್ಚಳ ತಿರುಗಿಸಿದ, ಮತ್ತೆ ತಿರುಗಿಸಿದ. ಆಮೇಲೆ, ಐವತ್ತು ವರ್ಷಕ್ಕೂ ಮಿಕ್ಕಿ ನನ್ನೊಡನೆ ಇಂಗ್ಲಿಷಿನಲ್ಲೇ ಮಾತಾಡಿದವನು, ಅವರಪ್ಪನ ದನಿಯಲ್ಲೇ, "ಅಪ್ಪಗ ಹೇಳಕ್ಕಾ..." ಎಂದು ಶುರು ಮಾಡಿ ನಿಲ್ಲಿಸಿಬಿಟ್ಟ.

ಏನು ಹೇಳಲಿ ಎಂದು ನಾನು ಕೇಳಲಿಲ್ಲ. ಅವರಿಬ್ಬರ ಎಷ್ಟೋ ಮಾತು ಮುಟ್ಟಿಸಿದ್ದೇನೆ. ಇದೊಂದನ್ನು ಮುಟ್ಟಿಸಲು ಆ ಕಡೆ ಯಾರೂ ಇಲ್ಲ.